ಲೀ ಯೋಂಗ್ ಡೇ ಅವರನ್ನು ಅಳೆಯುವುದು ಹೇಗೆ?

ಒಲಿಂಪಿಕ್ಸ್‌ನಲ್ಲಿ ಪುರುಷರ ಡಬಲ್ಸ್ ಚಿನ್ನ ಇಲ್ಲ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಒಂದೂ ಚಿನ್ನ ಇಲ್ಲ. ಹಾಗಿದ್ದ ಮೇಲೆ ಕೊರಿಯಾದ ಲೀ ಯೋಂಗ್ ಡೇ ಅವರನ್ನು ಪುರುಷರ ಡಬಲ್ಸ್‌ನ ಶ್ರೇಷ್ಠರ ಸಾಲಿನಲ್ಲಿ ಕೂರಿಸುವುದು ಹೇಗೆ? ಬ್ಯಾಡ್ಮಿಂಟನ್ ಹುಚ್ಚಿರುವ ನಾಲ್ಕು ಜನ ಸೇರಿದರೆ ಈ ತಕರಾರು ಏಳದೆ ಇರುವುದಿಲ್ಲ. ಪದಕಗಳ ಪಟ್ಟಿ ಹಿಡಿದು ವಾದಿಸುವವರ ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಆದರೆ ಸಿಂಗಲ್ಸ್ ಆಟಗಾರನನ್ನು ತೂಗುವ ತಕ್ಕಡಿಯಲ್ಲೇ ಡಬಲ್ಸ್ ಆಟಗಾರನನ್ನೂ ತೂಗುವುದು ನನಗೆ ಒಪ್ಪಿಗೆಯಿಲ್ಲ.

2008ರ ಬೀಜಿಂಗ್ ಒಲಿಂಪಿಕ್ಸ್ ಬಹಳ ಜನರಿಗೆ ನೆನಪಿರುತ್ತದೆ. ಮಿಶ್ರ ಡಬಲ್ಸ್ ಫೈನಲ್‌ನಲ್ಲಿ ಲೀ ಹ್ಯೋ ಜಂಗ್ ಅವರ ಜೊತೆಗೂಡಿ ಇಂಡೊನೇಷ್ಯಾದ ನೋವಾ ವಿದಿಯಾಂತೊ ಮತ್ತು ಲಿಲಿಯಾನ ನತ್ಸೀರ್ ಅವರನ್ನು 21-11, 21-17ರಿಂದ ಸೋಲಿಸಿದಾಗ ಯೋಂಗ್ ಡೇಗೆ ಇನ್ನೂ ಹತ್ತೊಂಬತ್ತು. ಗೆದ್ದ ಮೇಲೆ ಕ್ಯಾಮೆರಾ ಕಡೆ ತಿರುಗಿ ಒಮ್ಮೆ ಕಣ್ಣು ಮಿಟುಕಿಸಿದರು. ಅಷ್ಟೇ, ಇಡೀ ಕೊರಿಯಾ ಅವರನ್ನು ‘ದೇಶದ ತಮ್ಮ’ ಎಂದು ಮುದ್ದಿನಿಂದ ಕರೆಯತೊಡಗಿತು. ಹುಟ್ಟೂರು ಹ್ವಾಸುನ್‌ನಲ್ಲಿ ಅವರ ಹೆಸರಿನ ಒಳಾಂಗಣ ಕ್ರೀಡಾಂಗಣವೇ ಇದೆ. ಆ ಚಿನ್ನ ಕಡ್ಡಾಯ ಸೇನಾ ಸೇವೆಯಿಂದಲೂ ಬಿಡುಗಡೆ ಕೊಟ್ಟಿತು. ಇಪ್ಪತ್ತರ ಹರೆಯದ ಕೊರಿಯಾದ ಕ್ರೀಡಾಪಟುವಿಗೆ ಇದು ಪದಕಕ್ಕಿಂತ ಕಡಿಮೆ ಬೆಲೆಯದಲ್ಲ. ಅದೇ ಬೀಜಿಂಗ್‌ನಲ್ಲಿ ಪುರುಷರ ಡಬಲ್ಸ್‌ನ ಮೊದಲ ಸುತ್ತಿನಲ್ಲೇ ಅವರು ಡೆನ್ಮಾರ್ಕ್‌ನವರಿಗೆ ಸೋತಿದ್ದರೆಂಬುದು ಆ ಕಣ್ಣುಮಿಟುಕಿನ ಸಂಭ್ರಮದಲ್ಲಿ ಯಾರಿಗೂ ಬೇಕಿರಲಿಲ್ಲ. ನಿಜ ಹೇಳಬೇಕೆಂದರೆ ಆ ಕಣ್ಣುಮಿಟುಕಿನ ಮೇಲೆ ನನಗೆ ಸ್ವಲ್ಪ ಅಸಹನೆಯೇ ಇದೆ. ಆಟ ನೋಡಬೇಕಾದವರೆಲ್ಲ ಮುಖ ನೋಡುತ್ತ ನಿಂತುಬಿಟ್ಟರು.

ಆಟ ಹೇಗಿತ್ತು ಎಂದು ತಿಳಿಯಬೇಕಾದರೆ ಪುರುಷರ ಡಬಲ್ಸ್‌ನಲ್ಲಿ ಜಂಗ್ ಜೇ ಸಂಗ್ ಅವರನ್ನು ಜೊತೆಗಾರನಾಗಿ ಇಟ್ಟುಕೊಂಡು ಆಡಿದ ಪಂದ್ಯಗಳನ್ನು ನೋಡಬೇಕು. ಜಂಗ್ ಆರು ವರ್ಷ ಹಿರಿಯರು. ಎತ್ತರ 168 ಸೆಂಟಿಮೀಟರ್ ಮಾತ್ರ. ಹಿಂದಿನಿಂದ ಹಾರಿ ಸ್ಮ್ಯಾಶ್ ಹೊಡೆಯುತ್ತಿದ್ದವರು ಈ ಗಿಡ್ಡ ಮನುಷ್ಯ. ನೆಟ್ ಬಳಿ ನಿಲ್ಲುತ್ತಿದ್ದವರು 180 ಸೆಂಟಿಮೀಟರ್ ಎತ್ತರದ ಲೀ. ತಲೆಕೆಳಗಾದಂತೆ ಕಾಣುವ ಈ ಏರ್ಪಾಡಿನಲ್ಲಿಯೇ ಗುಟ್ಟಿತ್ತು. ಜಂಗ್ ಅವರ ಸ್ಮ್ಯಾಶ್‌ಗೆ ಹೆದರಿ ಎದುರಾಳಿ ಷಟಲ್ಲನ್ನು ತಗ್ಗಾಗಿ ವಾಪಸು ಕಳಿಸಿದರೆ ಅಲ್ಲಿ ಲೀ ಅವರ ರ‍್ಯಾಕೆಟ್ ಆಗಲೇ ಮೇಲೆದ್ದಿರುತ್ತಿತ್ತು. ಷಟಲ್ ನೆಟ್ ದಾಟುವ ಮೊದಲೇ ಅದು ಎಲ್ಲಿಗೆ ಬರುತ್ತದೆಂದು ಅವರಿಗೆ ಗೊತ್ತಿರುತ್ತಿತ್ತೋ ಏನೋ. ಹೆಚ್ಚು ಬೀಸುವುದಿಲ್ಲ, ಮಣಿಕಟ್ಟು ಒಂದಿಷ್ಟು ತಿರುಗುತ್ತದೆ, ರ‍್ಯಾಲಿ ಮುಗಿಯುತ್ತದೆ. ಎದುರಾಳಿ ಸ್ಮ್ಯಾಶ್ ಹೊಡೆದಾಗಲೂ ಷಟಲ್ಲನ್ನು ಮೇಲಕ್ಕೆತ್ತಿ ಜೀವ ಉಳಿಸಿಕೊಳ್ಳುವ ಬದಲು ಚಪ್ಪಟೆಯಾಗಿ ಡ್ರೈವ್ ಮಾಡಿ, ಅದರ ಬೆನ್ನಿಗೇ ಎರಡು ಹೆಜ್ಜೆ ಮುಂದೆ ಬಂದು ನಿಂತಿರುತ್ತಿದ್ದರು. ರಕ್ಷಣೆ ಯಾವಾಗ ಆಕ್ರಮಣವಾಯಿತೆಂದು ಎದುರಿನವರಿಗೆ ಹೊಳೆಯುವಷ್ಟರಲ್ಲಿ ಪಾಯಿಂಟ್ ಹೋಗಿರುತ್ತಿತ್ತು. ಅಂಕ ಬರುವುದು ಸ್ಮ್ಯಾಶ್ ಹೊಡೆದವನ ಕೈಯಿಂದ, ಆ ಸ್ಮ್ಯಾಶ್‌ಗೆ ಜಾಗ ಮಾಡಿಕೊಟ್ಟವನ ಕೆಲಸ ಯಾವ ಮುಖ್ಯಾಂಶದ ವಿಡಿಯೊದಲ್ಲೂ ಇರುವುದಿಲ್ಲ.

ಈ ಜೋಡಿ 2008 ಮತ್ತು 2012ರಲ್ಲಿ ಬ್ಯಾಡ್ಮಿಂಟನ್‌ನ ಹಳೆಯ, ಪ್ರತಿಷ್ಠಿತ ಟೂರ್ನಿಯಾದ ಆಲ್ ಇಂಗ್ಲೆಂಡ್ ಗೆದ್ದಿತು. 2007ರಲ್ಲಿ ಕ್ವಾಲಾಲಂಪುರದಲ್ಲಿ, 2009ರಲ್ಲಿ ನಮ್ಮ ಹೈದರಾಬಾದ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಬೆಳ್ಳಿ ಪಡೆಯಿತು. 2011ರಲ್ಲಿ ಲಂಡನ್‌ನಲ್ಲಿ ಕಂಚು. ಜ್ವಾಲಾ ಗುಟ್ಟಾ ಜೊತೆ ನಮ್ಮ ಅಶ್ವಿನಿ ಪೊನ್ನಪ್ಪ ಕಂಚು ಗೆದ್ದದ್ದೂ ಅದೇ ಕೂಟದಲ್ಲಿ. 2012ರ ಲಂಡನ್ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಡೆನ್ಮಾರ್ಕ್‌ನ ಬೋ ಮತ್ತು ಮೊಗೆನ್ಸನ್ ವಿರುದ್ಧ ಮೂರನೆಯ ಗೇಮ್ 20-22. ಕೈಗೆ ಬಂದದ್ದು ಕಂಚು. ಅದಾದ ಮೇಲೆ ಜಂಗ್ ನಿವೃತ್ತರಾದರು. 2018ರ ಮಾರ್ಚ್‌ನಲ್ಲಿ, ಕೇವಲ 35ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಇಲ್ಲಿಂದ ಮುಂದಿನ ಕಥೆ ನನಗೆ ಹೆಚ್ಚು ಇಷ್ಟ. ಲೀ ಅವರಿಗೆ ಮೊದಲು ಕೋ ಸಂಗ್ ಹ್ಯೂನ್ ಜೊತೆಯಾದರು. ಕೋ ಅವರ ಹಳೆಯ ಜೊತೆಗಾರ ಯೂ ಯೋನ್ ಸೋಂಗ್. ಅವರಿಬ್ಬರೂ 2011ರ ವಿಶ್ವ ಚಾಂಪಿಯನ್‌ಷಿಪ್ ಫೈನಲ್ ಆಡಿದವರು. 2013ರ ಕೊನೆಗೆ ಮತ್ತೆ ಅದಲು ಬದಲು: ಯೂ ಬಂದು ಲೀ ಪಕ್ಕ ನಿಂತರು, ಕೋ ಹೋಗಿ ಶಿನ್ ಬೇಕ್ ಚೋಲ್ ಜೊತೆ ಸೇರಿದರು. ಈ ಶಿನ್ ಯಾರು? ಬೀಜಿಂಗ್‌ನಲ್ಲಿ ಲೀ ಜೊತೆ ಚಿನ್ನ ಗೆದ್ದ ಲೀ ಹ್ಯೋ ಜಂಗ್ ಅವರಿಗೆ ಮುಂದೆ ಜೊತೆಗಾರನಾಗಿ 2010ರ ಏಷ್ಯನ್ ಗೇಮ್ಸ್ ಮಿಶ್ರ ಡಬಲ್ಸ್ ಚಿನ್ನ ಗೆದ್ದವರು. 2014ರಲ್ಲಿ ಕೋಪನ್‌ಹೇಗನ್‌ನ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಲೀ ಮತ್ತು ಯೂ ಅವರನ್ನು ಸೋಲಿಸಿದ್ದು ಇದೇ ಕೋ ಮತ್ತು ಶಿನ್. ಒಂದೇ ತರಬೇತಿ ಕೇಂದ್ರದಲ್ಲಿ ದಿನವೂ ಎದುರಿಗೆ ನಿಂತು ಆಡುವವರ ಮುಂದೆ ನಿಮ್ಮ ಯಾವ ಹೊಡೆತ ಗುಟ್ಟಾಗಿ ಉಳಿದೀತು? ಲೀ ಅವರಿಗೆ ತಪ್ಪಿದ ವಿಶ್ವ ಪಟ್ಟ ಅವರದೇ ಮನೆಯೊಳಗೆ ಉಳಿಯಿತು. ಪದಕದ ಪಟ್ಟಿಯಲ್ಲಿ ಮಾತ್ರ ಅದು ‘ಬೆಳ್ಳಿ’ ಎಂಬ ಒಂದೇ ಪದ.

ಅದೇ 2014 ಶುರುವಾದದ್ದು ಇನ್ನೂ ಕೆಟ್ಟದಾಗಿ. ಜನವರಿಯಲ್ಲಿ ಲೀ ಮತ್ತು ಕೊರಿಯಾದ ಇನ್ನೊಬ್ಬ ಡಬಲ್ಸ್ ಆಟಗಾರ ಕಿಮ್ ಗಿ ಜಂಗ್ ಇಬ್ಬರಿಗೂ ಒಂದು ವರ್ಷದ ನಿಷೇಧ ಬಂತು. ಉದ್ದೀಪನ ಮದ್ದು ಸಿಕ್ಕಿತೆಂದಲ್ಲ. ಪರೀಕ್ಷಕರು ಬಂದಾಗ ಆಟಗಾರರು ಎಲ್ಲಿರುತ್ತಾರೆ ಎಂಬ ಮಾಹಿತಿಯನ್ನು ಮುಂಚಿತವಾಗಿ ತುಂಬಬೇಕು; ಅದನ್ನು ನೋಡಿಕೊಳ್ಳಬೇಕಿದ್ದ ಕೊರಿಯಾ ಬ್ಯಾಡ್ಮಿಂಟನ್ ಸಂಸ್ಥೆ ಸರಿಯಾಗಿ ನೋಡಿಕೊಳ್ಳಲಿಲ್ಲ. ತಪ್ಪು ಸಂಸ್ಥೆಯದೆಂದು ಒಪ್ಪಿ ಏಪ್ರಿಲ್‌ನಲ್ಲಿ ನಿಷೇಧ ತೆಗೆದರು. ಮೂರು ತಿಂಗಳು ಹೆಸರಿಗೆ ಮಸಿ ಬಳಿಸಿಕೊಂಡು ಕೂತವರು ಮಾತ್ರ ಆಟಗಾರರು. ಆ ವರ್ಷವೇ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಲೀ ಇದ್ದ ಕೊರಿಯಾ ಪುರುಷರ ತಂಡ ವಿಭಾಗದ ಚಿನ್ನ ಗೆದ್ದಿತು.

2015ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಲೀ ಮತ್ತು ಯೂ ಜಪಾನ್, ಕೊರಿಯಾ, ಡೆನ್ಮಾರ್ಕ್, ಫ್ರೆಂಚ್ ಓಪನ್‌ಗಳನ್ನು ಸಾಲಾಗಿ ಗೆದ್ದರು. ವಿಶ್ವದ ಒಂದನೇ ಜೋಡಿಯಾಗಿ 2016ರ ರಿಯೊ ಒಲಿಂಪಿಕ್ಸ್‌ಗೆ ಹೋದರು. ಕ್ವಾರ್ಟರ್ ಫೈನಲ್‌ನಲ್ಲಿ ಮಲೇಷ್ಯಾದ ಗೋ ವಿ ಶೆಮ್ ಮತ್ತು ಟಾನ್ ವೀ ಕಿಯಾಂಗ್ ವಿರುದ್ಧ ಮೂರನೆಯ ಗೇಮ್ 19-21. ಲಂಡನ್ನಿನಲ್ಲಿ ಎರಡು ಪಾಯಿಂಟ್, ರಿಯೊದಲ್ಲಿ ಎರಡು ಪಾಯಿಂಟ್. ‘ದೊಡ್ಡ ಪಂದ್ಯದಲ್ಲಿ ಎದೆಗಾರಿಕೆ ಇಲ್ಲ’ ಎಂದು ತೀರ್ಪು ಕೊಡುವವರು ಈ ನಾಲ್ಕು ಪಾಯಿಂಟ್‌ಗಳ ಮೇಲೆ ಇಷ್ಟು ದೊಡ್ಡ ಮಾತು ಕಟ್ಟುತ್ತಾರಲ್ಲ, ಅವರ ಎದೆಗಾರಿಕೆಯನ್ನು ಮೆಚ್ಚಬೇಕು.

ರಿಯೊ ಮುಗಿಸಿ ಬಂದು ಕೊರಿಯಾ ಓಪನ್ ಗೆದ್ದು ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದಾಗ ವಯಸ್ಸು 28. ತಂಡ ಬಿಟ್ಟವರು ನಿಗದಿತ ವಯಸ್ಸು ದಾಟದೆ ಸ್ವಂತವಾಗಿ ಅಂತರರಾಷ್ಟ್ರೀಯ ಟೂರ್ನಿ ಆಡುವಂತಿಲ್ಲ ಎಂಬ ನಿಯಮ ಅಲ್ಲಿತ್ತು. ಆಟಗಾರರು ನ್ಯಾಯಾಲಯಕ್ಕೆ ಹೋದ ಮೇಲೆ 2018ರಲ್ಲಿ ದಾರಿ ತೆರೆಯಿತು. ಆಗ ಲೀ ಆರಿಸಿಕೊಂಡ ಜೊತೆಗಾರ ಯಾರು ಗೊತ್ತೇ? ನಿಷೇಧವನ್ನು ಜೊತೆಯಲ್ಲೇ ಅನುಭವಿಸಿದ ಅದೇ ಕಿಮ್ ಗಿ ಜಂಗ್. 2019ರ ಜನವರಿಯಲ್ಲಿ ಪ್ರೀಮಿಯರ್ ಬ್ಯಾಡ್ಮಿಂಟನ್ ಲೀಗ್ ಫೈನಲ್‌ಗೆ ಈ ಇಬ್ಬರೂ ಮುಂಬೈ ರಾಕೆಟ್ಸ್ ಪರವಾಗಿ ಬೆಂಗಳೂರಿಗೇ ಬಂದಿದ್ದರು. ಗೆದ್ದದ್ದು ಬೆಂಗಳೂರು ರ‍್ಯಾಪ್ಟರ್ಸ್. ಊರಿನ ಅಭಿಮಾನ ಒಂದು ಕಡೆ, ಲೀ ಅಭಿಮಾನ ಇನ್ನೊಂದು ಕಡೆ. ಮರುವರ್ಷ ಜನವರಿಯಲ್ಲಿ, 31ನೆಯ ವಯಸ್ಸಿನಲ್ಲಿ, ಲೀ ಮತ್ತು ಕಿಮ್ ಚೀನಾದ ಲಿ ಜುನ್‌ಹುಯಿ ಮತ್ತು ಲಿಯು ಯುಚೆನ್ ಅವರನ್ನು ಸೋಲಿಸಿ ಮಲೇಷ್ಯಾ ಮಾಸ್ಟರ್ಸ್ ಗೆದ್ದರು.

2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಚಿನ್ನ ಗೆದ್ದ ಕೂಡಲೇ ಕೊರಿಯಾದ ಸಿಂಗಲ್ಸ್ ಆಟಗಾರ್ತಿ ಆನ್ ಸೆ ಯಂಗ್ ಇದೇ ಬ್ಯಾಡ್ಮಿಂಟನ್ ಸಂಸ್ಥೆಯ ಮೇಲೆ ಸಿಡಿದೆದ್ದಾಗ ಹಲವರಿಗೆ ಅದು ಹೊಸ ಸುದ್ದಿ ಅನಿಸಿತು. ಲೀ ಅವರ ಕಥೆ ಗೊತ್ತಿದ್ದವರಿಗೆ ಅನಿಸಲಿಲ್ಲ.

ಹಾಗಾದರೆ ನನ್ನ ಅಳತೆ ಯಾವುದು? ಜೊತೆಗಾರನನ್ನು ಬದಲಿಸಿ ನೋಡಿ. ಆಗಲೂ ಅವನು ಮೇಲೆಯೇ ಇದ್ದಾನೆಯೇ? ಜಂಗ್ ಜೊತೆ ವಿಶ್ವದ ಒಂದನೇ ಸ್ಥಾನ, ಯೂ ಜೊತೆ ವಿಶ್ವದ ಒಂದನೇ ಸ್ಥಾನ, ತಂಡ ಬಿಟ್ಟ ಮೇಲೂ ಕಿಮ್ ಜೊತೆ ಪ್ರಶಸ್ತಿ, ಹ್ಯೋ ಜಂಗ್ ಜೊತೆ ಒಲಿಂಪಿಕ್ ಚಿನ್ನ. ಈ ಅಳತೆಯಲ್ಲಿ ಈಗ ಅವರಿಗೆ ಸವಾಲು ಹಾಕಬಲ್ಲವರು ಕೊರಿಯಾದವರೇ ಆದ ಸಿಯೊ ಸೂಂಗ್ ಜೇ: 2023ರಲ್ಲಿ ಪುರುಷರ ಮತ್ತು ಮಿಶ್ರ ಎರಡೂ ಡಬಲ್ಸ್‌ನಲ್ಲಿ ವಿಶ್ವ ಚಾಂಪಿಯನ್, 2025ರಲ್ಲಿ ಹೊಸ ಜೊತೆಗಾರ ಕಿಮ್ ವೋನ್ ಹೋ ಜೊತೆ ಮತ್ತೆ ವಿಶ್ವ ಚಾಂಪಿಯನ್. ಪಟ್ಟಿ ನೋಡುವವರಿಗೆ ಸಿಯೊ ಆಗಲೇ ಮುಂದೆ ಹೋಗಿದ್ದಾರೆ. ಎಡಗೈ ಸ್ಮ್ಯಾಶ್‌ಗೆ ನಾನೂ ತಲೆಬಾಗುತ್ತೇನೆ. ಆದರೆ ನೆಟ್ ಬಳಿ ನಿಲ್ಲಲು ಒಬ್ಬರನ್ನು ಆರಿಸು ಎಂದರೆ ನನ್ನ ಮತ ಇನ್ನೂ ಲೀ ಅವರಿಗೇ. ಜಗಳವಾಡುವವರು ಮೊದಲು 2012ರ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಚೀನಾದ ಕಾಯ್ ಯುನ್ ಮತ್ತು ಫು ಹೈಫೆಂಗ್ ವಿರುದ್ಧದ ನಿರ್ಣಾಯಕ ಗೇಮ್ ಹುಡುಕಿ ನೋಡಿ, ಆಮೇಲೆ ಬಂದು ಬರೆಯಿರಿ.