ಲಸಿಕೆ–ಆಟಿಸಂ ಲೇಖನಕ್ಕೆ ಸಾವಿರ ಉಲ್ಲೇಖ ಇರುವುದು ಯಾಕೆ: ಸ್ಪಷ್ಟನೆ

ಕಾರವಾರ, ಅಂಕೋಲಾ, ಶಿರಸಿ ಕಡೆಯ ಪಾಲಕರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ಎಂಎಂಆರ್ ಲಸಿಕೆಯಿಂದ ಆಟಿಸಂ ಬರುತ್ತದೆ. ಲ್ಯಾನ್ಸೆಟ್‌ನಲ್ಲಿ ಬಂದ ಈ ಸಂಶೋಧನೆಯನ್ನು ಸಾವಿರಕ್ಕೂ ಹೆಚ್ಚು ಲೇಖನಗಳು ಉಲ್ಲೇಖಿಸಿವೆ.’ ಎಂಎಂಆರ್ ಎಂದರೆ ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಲಸಿಕೆ; ಆಟಿಸಂ ಎಂದರೆ ಮಾತು, ಇತರರೊಂದಿಗಿನ ಒಡನಾಟದಲ್ಲಿ ಕಾಣುವ ಬೆಳವಣಿಗೆಯ ಭಿನ್ನತೆ; ಲ್ಯಾನ್ಸೆಟ್ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ. ಉಲ್ಲೇಖಗಳಿರುವುದು ನಿಜ, ಅದರಿಂದ ತೆಗೆದ ತೀರ್ಮಾನ ತಪ್ಪು.

1998ರ ಆ ಲೇಖನದಲ್ಲಿದ್ದದ್ದು 12 ಮಕ್ಕಳು ಮಾತ್ರ. ಹೋಲಿಸಿ ನೋಡಲು ಬೇರೆ ಮಕ್ಕಳ ಗುಂಪೇ ಇರಲಿಲ್ಲ. ಮಕ್ಕಳ ಆಯ್ಕೆಯ ಬಗ್ಗೆ ಬರೆದದ್ದು ಸುಳ್ಳೆಂದು ಸಾಬೀತಾದ ಮೇಲೆ, 2010ರ ಫೆಬ್ರವರಿಯಲ್ಲಿ ಪತ್ರಿಕೆಯೇ ಅದನ್ನು ಹಿಂಪಡೆಯಿತು. ಮೂಲ ಲೇಖನದ ಪುಟಗಳ ಮೇಲೆ ಈಗ ‘ಹಿಂಪಡೆಯಲಾಗಿದೆ’ ಎಂಬ ಕೆಂಪು ಅಕ್ಷರಗಳಿವೆ. ಉಲ್ಲೇಖ ಎಣಿಸುವಾಗ ಒಪ್ಪಿಗೆ, ಖಂಡನೆ ಎಂಬ ಭೇದವಿಲ್ಲ. ‘ಇದು ತಪ್ಪು’ ಎಂದು ಬರೆದರೂ ಲೆಕ್ಕಕ್ಕೆ ಒಂದು ಸೇರುತ್ತದೆ. ಈ ಲೇಖನವನ್ನು ಉಲ್ಲೇಖಿಸಿದವರಲ್ಲಿ ಹೆಚ್ಚಿನವರು ಅಲ್ಲಗಳೆಯಲೆಂದೇ ಉಲ್ಲೇಖಿಸಿದ್ದಾರೆ.

ಡೆನ್ಮಾರ್ಕಿನಲ್ಲಿ 6,57,461 ಮಕ್ಕಳನ್ನು ಗಮನಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಲಸಿಕೆ ಪಡೆದವರಲ್ಲಿ ಆಟಿಸಂ ಹೆಚ್ಚಿರಲಿಲ್ಲ. ಅಣ್ಣನಿಗೋ ಅಕ್ಕನಿಗೋ ಆಟಿಸಂ ಇದ್ದ ಮಕ್ಕಳಲ್ಲೂ ಇಲ್ಲ. ಲಕ್ಷಣಗಳು ಪಾಲಕರ ಕಣ್ಣಿಗೆ ಬೀಳುವ ವಯಸ್ಸೂ ಲಸಿಕೆಯ ವಯಸ್ಸೂ ಒಂದೇ ಆದ್ದರಿಂದ ಅನುಮಾನ ಹುಟ್ಟುವುದು ಸಹಜ.

ನಮ್ಮಲ್ಲಿ ಕೊಡುವ ದಡಾರ-ರುಬೆಲ್ಲಾ ಲಸಿಕೆಯನ್ನು 9–12 ತಿಂಗಳಿಗೆ, ಮತ್ತೆ 16–24 ತಿಂಗಳಿಗೆ ತಪ್ಪದೆ ಹಾಕಿಸಿ. ವರ್ಷ ತುಂಬಿದರೂ ಹೆಸರು ಕರೆದಾಗ ಮಗು ತಿರುಗಿ ನೋಡದಿದ್ದರೆ ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಿ. ಆ ಸಂದೇಶವನ್ನು ದಯವಿಟ್ಟು ಮುಂದೆ ಕಳಿಸಬೇಡಿ.