ಊರ ಹೆಮ್ಮೆ ಪಕ್ಕಕ್ಕಿಟ್ಟು ಓದಿದ ಒಂದು ತಿಂಗಳು

ಚಿತ್ರದುರ್ಗದವರಿಗೆ ಸಿಟ್ಟು ಬರಬಹುದು, ಆದರೂ ಹೇಳಿಬಿಡುತ್ತೇನೆ. ನಾವು ಕಾದಂಬರಿಕಾರ ತ.ರಾ.ಸು. ಅವರನ್ನು ಹೊಗಳುವುದು ಜಾಸ್ತಿ, ಓದುವುದು ಕಮ್ಮಿ. ನೆಂಟರು ಬಂದರೆ ಕೋಟೆಗೆ ಕರೆದುಕೊಂಡು ಹೋಗಿ, ಓಬವ್ವನ ಕಿಂಡಿ ಮುಂದೆ ನಿಂತು 1972ರ ‘ನಾಗರಹಾವು’ ಸಿನಿಮಾ ಕಥೆ ಹೇಳುತ್ತೇವೆ. ಆ ಸಿನಿಮಾಕ್ಕೆ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಅಂತ ಮೂರು ಕಾದಂಬರಿ ಸೇರಿವೆ ಎಂದರೆ ನಮ್ಮೂರವರೇ ‘ಹೌದಾ?’ ಅನ್ನುತ್ತಾರೆ. ರಾಮಾಚಾರಿ ಎಲ್ಲರಿಗೂ ಗೊತ್ತು. ಪುಸ್ತಕದ ರಾಮಾಚಾರಿ ಹೇಗಿದ್ದಾನೆ ಅಂತ ಕೇಳಿದರೆ ಮಾತು ಮಳೆ ಬೆಳೆ ಕಡೆ ತಿರುಗುತ್ತದೆ.

ಅದಕ್ಕೇ ಈ ತಿಂಗಳು ದುರ್ಗದ ಕಾದಂಬರಿಗಳನ್ನೇ ಹಿಡಿದು ಕೂತೆ. ಕೆಲಸಕ್ಕೆ ದಾವಣಗೆರೆಗೆ ಓಡಾಡುವವನು ನಾನು. ಕಿಟಕಿ ಪಕ್ಕ ಸೀಟು ಸಿಕ್ಕಿದರೆ ಭರಮಸಾಗರ ಬರುವುದರೊಳಗೆ ಒಂದು ಅಧ್ಯಾಯ ಆಗುತ್ತದೆ. ನಮ್ಮೂರ ಕಥೆ ಅಂತ ರಿಯಾಯಿತಿ ಕೊಡಬಾರದು ಅನ್ನೋದೊಂದೇ ಷರತ್ತು.

ಮೊದಲ ಸಲಹೆ, ‘ದುರ್ಗಾಸ್ತಮಾನ’ದಿಂದ ಶುರು ಮಾಡಬೇಡಿ. ಎಲ್ಲರೂ ಅದನ್ನೇ ಕೈಗೆ ಕೊಡುತ್ತಾರೆ. ತ.ರಾ.ಸು. ತೀರಿಕೊಂಡ ಮೇಲೆ, 1985ರಲ್ಲಿ, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ ಅದು. ಒಳ್ಳೆಯದೇ. ಆದರೆ ದಪ್ಪ. 1779ರಲ್ಲಿ ಕೋಟೆ ಹೈದರಾಲಿ ಪಾಲಾಗುತ್ತದೆ ಅನ್ನುವುದು ಮೊದಲ ಪುಟಕ್ಕೂ ಮುಂಚೆ ಗೊತ್ತಿರುತ್ತದೆ. ದುರ್ಗ ಆಳಿದ ನಾಯಕರ ಮನೆತನ ಗದ್ದುಗೆಗಾಗಿ ಏನೆಲ್ಲ ಕಳೆದುಕೊಂಡಿತ್ತು ಅಂತ ತಿಳಿದಿದ್ದರೆ ಮಾತ್ರ ಆ ಸೋಲು ನಿಜವಾಗಿ ನೋಯಿಸುತ್ತದೆ. ಅದಕ್ಕೆ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಈ ಸಾಲಿನಲ್ಲೇ ಹೋಗಿ.

ಈ ಮೂರರಲ್ಲೂ ನನ್ನನ್ನು ಹಿಡಿದು ಕೂರಿಸಿದ್ದು ನಾಯಕರಲ್ಲ, ದಳವಾಯಿ ಮುದ್ದಣ್ಣ. ಯಾರನ್ನು ಪಟ್ಟಕ್ಕೆ ಕೂರಿಸಬೇಕು, ಯಾರನ್ನು ಇಳಿಸಬೇಕು ಅನ್ನುವುದೆಲ್ಲ ಅವನ ಲೆಕ್ಕ. ಒಳ್ಳೆಯವರು ಒಳ್ಳೆಯತನದಲ್ಲೇ ನಿಂತುಬಿಟ್ಟರೆ ಇವನು ಮಾತ್ರ ಪ್ರತಿ ಪುಟಕ್ಕೂ ಯೋಚನೆ ಮಾಡುತ್ತಾನೆ. ನಾನು ಲೈಬ್ರರಿಯಿಂದ ತಂದ ಪ್ರತಿಯಲ್ಲಿ ಮುದ್ದಣ್ಣನ ಮಾತು ಬಂದಲ್ಲೆಲ್ಲ ಯಾರೋ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದರು. ಒಂದು ಕಡೆ ಅಂಚಿನಲ್ಲಿ ‘ಇವನಿಗೆ ಇದೆ ಮುಂದೆ’ ಅಂತ ಬರೆದಿದ್ದರು. ಅದರ ಕೆಳಗೆ ಬೇರೆ ಕೈಬರಹದಲ್ಲಿ ‘ಕಥೆ ಹೇಳಬೇಡಿ ಸ್ವಾಮಿ’. ಲೈಬ್ರರಿ ಪುಸ್ತಕದಲ್ಲಿ ಗೀಚುವುದು ತಪ್ಪು, ಸರಿ. ಆದರೆ ನಗು ತಡೆಯಲಾಗಲಿಲ್ಲ.

ಕೊರತೆ ಇಲ್ಲವೇ? ಇದೆ. ಮಾತು ಉದ್ದ. ಸಿಟ್ಟು ಬಂದರೂ, ಅಳು ಬಂದರೂ ಪಾತ್ರಗಳು ನಾಟಕದ ಸ್ಟೇಜ್ ಮೇಲೆ ನಿಂತ ಹಾಗೆ ಮಾತಾಡುತ್ತವೆ. ಕಂಪನಿ ನಾಟಕ ನೋಡಿ ಬೆಳೆದವರಿಗೆ ಇದು ಖುಷಿ ಕೊಡಬಹುದು. ಈಗಿನ ಹುಡುಗರು ಇಪ್ಪತ್ತು ಪುಟಕ್ಕೆ ಕೈ ಬಿಟ್ಟರೆ ನಾನು ಬೈಯುವುದಿಲ್ಲ.

ಅಂಥವರ ಕೈಗೆ ‘ಹಂಸಗೀತೆ’ ಕೊಡಿ. ನನ್ನ ಕೇಳಿದರೆ ತ.ರಾ.ಸು. ಬರೆದದ್ದರಲ್ಲಿ ಇದೇ ಎಲ್ಲಕ್ಕಿಂತ ಮೇಲು. ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ. ಟಿಪ್ಪುವಿನ ಮುಂದೆ ಹಾಡಬಾರದು ಅಂತ ತನ್ನ ನಾಲಿಗೆಯನ್ನೇ ಕತ್ತರಿಸಿಕೊಂಡವನು. ಹೀಗೆ ಒಂದು ಸಾಲಿನಲ್ಲಿ ಕೇಳಿದರೆ ಛಲದ ಕಥೆ, ವೀರಗಾಥೆ ಅನ್ನಿಸುತ್ತದೆ, ಅಲ್ವಾ? ಓದುವಾಗ ಹಾಗಿಲ್ಲ. ನಾಲಿಗೆ ಕತ್ತರಿಸಿಕೊಳ್ಳುವುದಕ್ಕಿಂತ ಮುಂಚಿನ ಮನುಷ್ಯನೇ ಮುಖ್ಯ. ವಿದ್ಯೆಯ ಅಹಂಕಾರ, ಆಸೆ, ಇನ್ನೊಬ್ಬರನ್ನು ಸೋಲಿಸಬೇಕು ಅನ್ನುವ ಚಟ ಎಲ್ಲ ಇರುವ ಮನುಷ್ಯ. ಅವನ್ನೆಲ್ಲ ಕಳಚುತ್ತಾ ಬಂದವನಿಗೆ ಅರಮನೆಯ ಕರೆ ಬರುತ್ತದೆ. ಹಿಂದಿಯಲ್ಲಿ ಇದು 1956ರಲ್ಲಿ ‘ಬಸಂತ್ ಬಹಾರ್’ ಆಯಿತು, ಕನ್ನಡದಲ್ಲಿ 1975ರಲ್ಲಿ ಜಿ.ವಿ. ಅಯ್ಯರ್ ಸಿನಿಮಾ ಮಾಡಿದರು. ಸಿನಿಮಾ ನೋಡಿದ್ದೇನೆ, ಸಾಕು ಅನ್ನಬೇಡಿ. ಪುಸ್ತಕ ಓದಿ.

ತಿಂಗಳ ಅರ್ಧಕ್ಕೆ ಬರುವಾಗ ಒಂಥರಾ ಉಸಿರು ಕಟ್ಟಿತು. ಬರೀ ಗದ್ದುಗೆ, ಕತ್ತಿ, ನಾಗತಿಯರ ಅಂದರೆ ನಾಯಕರ ರಾಣಿಯರ ಕಣ್ಣೀರು. ಏಳು ಸುತ್ತಿನ ಕೋಟೆಗೆ ಕಲ್ಲು ಹೊತ್ತವರು ಯಾರು? ರಾತ್ರಿ ಅವರ ಮನೆಯಲ್ಲಿ ಒಲೆ ಉರಿಯುತ್ತಿತ್ತಾ? ಆ ಕಡೆ ಕಾದಂಬರಿ ತಿರುಗಿ ನೋಡುವುದು ಕಮ್ಮಿ. ಊರ ಹೆಮ್ಮೆಗೆ ಅಂತ ಓದುವಾಗ ನಮಗೂ ಈ ಪ್ರಶ್ನೆ ಬರುವುದಿಲ್ಲ. ನಾವೆಲ್ಲ ನಾಯಕರ ವಂಶದವರೇ ಅನ್ನೋ ಹಾಗೆ ಓದುತ್ತಿರುತ್ತೇವೆ.

ಆ ಕಾದಂಬರಿಗಳನ್ನು ಪಕ್ಕಕ್ಕಿಟ್ಟು ದೇವನೂರ ಮಹಾದೇವ ಅವರ ‘ಒಡಲಾಳ’ ತೆಗೆದೆ. ಚಿಕ್ಕ ಪುಸ್ತಕ. ಸಾಕವ್ವನ ಹುಂಜ ಕಳೆದುಹೋಗಿದೆ, ಅವಳು ಹುಡುಕುತ್ತಾ ಊರಿಗೆಲ್ಲ ಶಾಪ ಹಾಕುತ್ತಾಳೆ. ಅದೇ ಮನೆಗೆ ಒಂದು ರಾತ್ರಿ ಕದ್ದ ಶೇಂಗಾ ಮೂಟೆ ಬರುತ್ತದೆ. ಮುದುಕಿಯಿಂದ ಮಕ್ಕಳವರೆಗೆ ಎಲ್ಲರೂ ಬೆಂಕಿ ಸುತ್ತ ಕೂತು ಸುಲಿದು ತಿನ್ನುತ್ತಾರೆ. ಸಿಪ್ಪೆ ಬೆಂಕಿಗೆ, ಬೀಜ ಬಾಯಿಗೆ. ಮೂಟೆಯೇ ಖಾಲಿ! ಬೆಳಗಾದರೆ ಪೊಲೀಸರು ಬಾಗಿಲಲ್ಲಿ. ಚಳ್ಳಕೆರೆ ಕಡೆಯವರು ಈ ಭಾಗ ಓದಲೇಬೇಕು. ಒಂದು ಮೂಟೆ ಶೇಂಗಾ ಅಂದರೆ ಎಷ್ಟು, ಅದನ್ನು ಒಂದೇ ರಾತ್ರಿಯಲ್ಲಿ ಖಾಲಿ ಮಾಡುವ ಹಸಿವು ಅಂದರೆ ಎಂಥದ್ದು ಅಂತ ಅವರಿಗೆ ಬಿಡಿಸಿ ಹೇಳಬೇಕಿಲ್ಲ. ಇದರಲ್ಲಿ ಕಣ್ಣೀರು ಕಡಿಮೆ, ನಗು ಜಾಸ್ತಿ. ನನಗೆ ಅದೇ ತಡೆದುಕೊಳ್ಳಲು ಆಗಲಿಲ್ಲ.

ಆಮೇಲೆ ಕುಂ. ವೀರಭದ್ರಪ್ಪ ಅವರ ‘ಅರಮನೆ’. 2007ರಲ್ಲಿ ಅಕಾಡೆಮಿ ಪ್ರಶಸ್ತಿ ಬಂದ ಕಾದಂಬರಿ. ನಮ್ಮ ಪಕ್ಕದ ಬಳ್ಳಾರಿ ಸೀಮೆಯ ಪಾಳೆಯಗಾರರು, ಬ್ರಿಟಿಷ್ ಅಧಿಕಾರಿ ಥಾಮಸ್ ಮನ್ರೋ, ಇವರ ನಡುವೆ ಊರ ಜನ. ಇಲ್ಲಿ ಅರಮನೆಯನ್ನು ಹೊರಗೆ ನಿಂತ ಜನರೇ ನೋಡಿ, ಆಡಿಕೊಂಡು ನಗುತ್ತಾರೆ. ಜನಪದ ಕಾವ್ಯದ ಧಾಟಿ, ಉಸಿರು ತೆಗೆದುಕೊಳ್ಳದ ವಾಕ್ಯಗಳು. ಮೊದಲ ಐವತ್ತು ಪುಟ ಸುಸ್ತಾಗುತ್ತದೆ. ಬಾಯಿಬಿಟ್ಟು ಓದಿ ನೋಡಿ, ದಾರಿ ಸಿಗುತ್ತದೆ. ಬಸ್ಸಲ್ಲಿ ಬೇಡ, ಪಕ್ಕದವರು ಸೀಟು ಬದಲಾಯಿಸುತ್ತಾರೆ. ‘ದುರ್ಗಾಸ್ತಮಾನ’ ಓದಿದ ಪ್ರತಿಯೊಬ್ಬರೂ ಇದನ್ನೂ ಓದಬೇಕು ಅನ್ನುವುದು ನನ್ನ ಹಟ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಒಂದೇ ಭಾನುವಾರಕ್ಕೆ ಮುಗಿಯಿತು. ಮಸಾಲೆ ಪುಡಿ ವ್ಯಾಪಾರದಲ್ಲಿ ದಿಢೀರನೆ ದುಡ್ಡು ಕಂಡ ಮನೆಯ ಕಥೆ. ದಾವಣಗೆರೆಯಲ್ಲಿ ವ್ಯಾಪಾರದ ಮನೆಗಳನ್ನು ಹತ್ತಿರದಿಂದ ನೋಡಿದವರಿಗೆ ಎರಡು ಪಟ್ಟು ತಟ್ಟುತ್ತದೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಬಗ್ಗೆ ನಾನೇನು ಹೇಳಲಿ, ನಿಮ್ಮ ಅಮ್ಮನನ್ನೋ ಅತ್ತೆಯನ್ನೋ ಕೇಳಿ. ಇನ್ನೊಂದು ಹೊಸ ಐತಿಹಾಸಿಕ ಕಾದಂಬರಿ ಅರ್ಧಕ್ಕೇ ಬಿಟ್ಟೆ. ಹೆಸರು ಬೇಡ. ರಾಜ ಹೆಜ್ಜೆ ಇಟ್ಟಲ್ಲೆಲ್ಲ ಜೈಕಾರ, ಸುಮ್ನೆ ಸಾಕಾಯ್ತು.

ದಾವಣಗೆರೆಯವರಿಗೆ ಒಂದು ಮಾತು. ಹತ್ತಿ ಮಿಲ್ಲುಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರು ನಿಮ್ಮದು. ಪಾಳಿ ಮುಗಿಸಿ ಬರುತ್ತಿದ್ದವರು, ಮಿಲ್ಲು ಮುಚ್ಚಿದ ಮೇಲೆ ಆಟೋ ಓಡಿಸಿದವರು, ಅಂಗಡಿ ಇಟ್ಟವರು, ಊರು ಬಿಟ್ಟವರು. ನಾಯಕರ ಬಗ್ಗೆ ಇಷ್ಟು ಪುಟ ಬರೆಸಿಕೊಂಡ ಜಿಲ್ಲೆಗಳು ಇವು, ಇವರ ಬಗ್ಗೆಯೂ ಒಂದು ದಪ್ಪ ಕಾದಂಬರಿ ಬರಬೇಕು. ಮಿಲ್ಲಿನ ಮನೆಯಲ್ಲಿ ಹುಟ್ಟಿ ಬೆಳೆದವರು ಯಾರಾದರೂ ಬರೆದರೆ ಮೊದಲ ಪ್ರತಿಗೆ ದುಡ್ಡು ಕೊಟ್ಟು ನಾನೇ ನಿಲ್ಲುತ್ತೇನೆ. ಗೌರವ ಪ್ರತಿ ಕೇಳುವುದಿಲ್ಲ.

ಮುಂದಿನ ತಿಂಗಳಿಗೆ ಚದುರಂಗರ ‘ವೈಶಾಖ’ ಬೇಕು. ದುರ್ಗದಲ್ಲಾಗಲಿ ದಾವಣಗೆರೆಯಲ್ಲಾಗಲಿ ಯಾರ ಹತ್ತಿರ ಇದ್ದರೂ ತಿಳಿಸಿ, ಬಂದು ತೆಗೆದುಕೊಂಡು ಹೋಗುತ್ತೇನೆ.