ಒಂದು ತಿಂಗಳು ಸಾಲದು

ಯುರೋಪ್ ಪ್ರವಾಸಕ್ಕೆ ಒಂದು ತಿಂಗಳ ಮುಂಚೆ ವೀಸಾ ಅರ್ಜಿ ಹಾಕಿದರೆ ಸಾಕು ಅಂತ ಬರೆದಿದ್ದೀರಿ. ದಯವಿಟ್ಟು ಅದನ್ನು ತಿದ್ದಿ. ಷೆಂಗೆನ್ ವೀಸಾಗೆ (ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) 6 ತಿಂಗಳ ಮುಂಚೆಯೇ ಅರ್ಜಿ ಹಾಕಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆ ಬೇಕೆನಿಸಿದರೆ 45 ದಿನದವರೆಗೂ ಎಳೆಯಬಹುದು. ಅದಕ್ಕೂ ಮುಂಚೆ ಅರ್ಜಿ ಕೊಡಲು ಅಪಾಯಿಂಟ್‌ಮೆಂಟ್ ಸಿಗಬೇಕು. ಬೇಸಿಗೆ ರಜೆ ಹತ್ತಿರ ಬಂದಾಗ ಅದೇ ಕಷ್ಟ, ಅಲ್ವಾ?

ಸ್ಲಾಟ್ ಖಾಲಿ ಇದೆ ಅಂತ ಸುಮ್ನೆ ಯಾವುದೋ ದೇಶಕ್ಕೆ ಅರ್ಜಿ ಹಾಕಬೇಡಿ. ಜಾಸ್ತಿ ದಿನ ಎಲ್ಲಿ ಇರುತ್ತೀರೋ ಆ ದೇಶಕ್ಕೇ ಹಾಕಬೇಕು. ಪ್ಯಾರಿಸ್‌ನಲ್ಲಿ 2 ರಾತ್ರಿ, ಸ್ವಿಟ್ಜರ್ಲೆಂಡ್‌ನಲ್ಲಿ 5 ರಾತ್ರಿ ಅಂದರೆ ಸ್ವಿಸ್ ವೀಸಾ. ದಿನಗಳು ಸಮ ಇದ್ದರೆ ಮೊದಲು ಕಾಲಿಡುವ ದೇಶ.

ಅಪ್ಪ ಅಮ್ಮನ ಕಾಗದ ಜೋಡಿಸುವಾಗ ನಾನು ಮೊದಲು ನೋಡಿದ್ದು ಪಾಸ್‌ಪೋರ್ಟ್. ಅಲ್ಲಿಂದ ವಾಪಸ್ ಹೊರಟ ಮೇಲೂ 3 ತಿಂಗಳು ಅವಧಿ ಉಳಿದಿರಬೇಕು, 2 ಪುಟ ಖಾಲಿ ಇರಬೇಕು. ಪ್ರಯಾಣ ವಿಮೆಯ ರಕ್ಷಣೆ ಕನಿಷ್ಠ 30,000 ಯುರೋವರೆಗೆ ಇರಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಕೊನೆ ವಾರ ದಿಢೀರ್ ಅಂತ ದೊಡ್ಡ ಮೊತ್ತ ಬಿದ್ದರೆ ಅನುಮಾನಕ್ಕೆ ದಾರಿ. ಅಪ್ಪನ ಪಿಂಚಣಿ ತಿಂಗಳು ತಿಂಗಳು ಬರುವುದು ಕಾಣುವ ಸ್ಟೇಟ್‌ಮೆಂಟ್ ಕೊಟ್ಟೆವು. ಇನ್ನು ವಿಮಾನ ಟಿಕೆಟ್: ವೀಸಾ ಕೈಗೆ ಬರುವ ತನಕ, ರದ್ದು ಮಾಡಿದರೆ ದುಡ್ಡು ವಾಪಸ್ ಸಿಗುವಂಥದ್ದನ್ನೇ ಬುಕ್ ಮಾಡಿ.